ಅಪರೂಪದ ನೀಲಿ ಹರಳು: ಬೆನಿಟೋಯಿಟೋ, ಬೇರೆಯದೋ?

ನೀಲಿ ಹರಳೊಂದು ಬೇಕು, ಆದರೆ ಎಲ್ಲರ ಬೆರಳಲ್ಲೂ ಕಾಣುವ ನೀಲಮಣಿ ಬೇಡ. ಹೀಗೇ ಶುರುವಾಗುತ್ತದೆ. ಯಾರೋ ಬೆನಿಟೋಯಿಟ್ ಅನ್ನುತ್ತಾರೆ. ಬೆಲೆ ಕೇಳಿ ಎದೆ ಝಲ್ಲೆನ್ನುತ್ತದೆ. ಟಾಂಜನೈಟ್ ನೋಡೋಣ ಅಂತ ಹೊರಟರೆ ಅದು ಬೇಕಾದಷ್ಟು ಸಿಗುತ್ತದೆ, ಇದರಲ್ಲೇನು ಅಪರೂಪ ಅನ್ನಿಸುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಹೌಯಿನ್ ಹೆಸರು ಎತ್ತುತ್ತಾರೆ, ಮತ್ತೊಬ್ಬರು ಕೋಬಾಲ್ಟ್ ಸ್ಪಿನೆಲ್ ಬಿಟ್ಟು ಬೇರೇನೂ ಬೇಡ ಅನ್ನುತ್ತಾರೆ. ಆರು ತಿಂಗಳು ಕಳೆದರೂ ಕೈಗೆ ಕಲ್ಲು ಬಂದಿರುವುದಿಲ್ಲ, ತಲೆ ಮಾತ್ರ ಕೆಟ್ಟಿರುತ್ತದೆ.

ನಾನೂ ಅಲ್ಲೇ ಸಿಕ್ಕಿಕೊಂಡಿದ್ದೆ. ಯಾವುದು ಎಲ್ಲಕ್ಕಿಂತ ಅಪರೂಪ ಅಂತ ಹುಡುಕುತ್ತಾ ಕೂತಿದ್ದೇ ನನ್ನ ತಪ್ಪು. ಅಪರೂಪದ ಕಲ್ಲುಗಳಿಗೇನೂ ಬರವಿಲ್ಲ. ಜಗತ್ತಿನಲ್ಲಿ ಒಂದೆರಡು ಕಡೆ ಮಾತ್ರ ಸಿಗುವ ಖನಿಜಗಳು ಎಷ್ಟೋ ಇವೆ, ಹೆಚ್ಚಿನವು ಬರಿಗಣ್ಣಿಗೆ ಧೂಳಿನ ಹಾಗೆ ಕಾಣುತ್ತವೆ. ನಮಗೆ ಬೇಕಾದ ಕಲ್ಲು ಅಪರೂಪದ್ದಾಗಿರಬೇಕು, ನೋಡಿದರೆ ಕಣ್ಣು ಅಲ್ಲೇ ನಿಲ್ಲಬೇಕು, ನಾವು ಇಟ್ಟುಕೊಳ್ಳುವ ರೀತಿಗೆ ಅದು ತಾಳಬೇಕು. ಈ ಮೂರೂ ಒಂದೇ ಕಲ್ಲಿನಲ್ಲಿ ಪೂರ್ತಿಯಾಗಿ ಸಿಗುವುದು ಕಷ್ಟ. ಇದರಲ್ಲಿ ಯಾವುದನ್ನು ಬಿಟ್ಟುಕೊಡಬಲ್ಲಿರಿ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಕಲ್ಲು ನೋಡುವ ಮೊದಲು

ಹಾಕಿಕೊಳ್ಳುತ್ತೀರಾ, ಡಬ್ಬಿಯಲ್ಲಿಟ್ಟು ನೋಡುತ್ತೀರಾ? ಇದನ್ನು ಮೊದಲೇ ತೀರ್ಮಾನಿಸಿ. ಮನೆಯ ಧೂಳಿನಲ್ಲಿ ಸ್ಫಟಿಕದ ಪುಡಿ ಇರುತ್ತದೆ. 1ರಿಂದ 10ರವರೆಗೆ ಹೋಗುವ ಮೋಸ್ ಅಳತೆಯಲ್ಲಿ ಅದರ ಗಡಸುತನ 7. ಅದಕ್ಕಿಂತ ಮೆತ್ತಗಿನ ಯಾವ ಹರಳನ್ನೂ ದಿನಾ ಬೆರಳಿಗೆ ಹಾಕಿಕೊಂಡು, ಧೂಳಾದಾಗಲೆಲ್ಲ ಬಟ್ಟೆಯಲ್ಲಿ ಒರೆಸುತ್ತಾ ಹೋದರೆ ಕೆಲವು ವರ್ಷಗಳಲ್ಲಿ ಹೊಳಪು ಮಂಕಾಗುತ್ತದೆ. ಗೀರು ಬೀಳುವುದು ಒಂದು ಕಥೆ, ಒಡೆಯುವುದು ಇನ್ನೊಂದು. ಕೆಲವು ಹರಳುಗಳು ಸೌದೆಯನ್ನು ಎಳೆ ನೋಡಿ ಸೀಳಿದ ಹಾಗೆ ಒಂದೇ ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತವೆ. ಅಂಥದ್ದು ಎಷ್ಟೇ ಗಡಸಾಗಿದ್ದರೂ ಉಂಗುರದಲ್ಲಿ ಹುಷಾರಾಗಿ ಇಟ್ಟುಕೊಳ್ಳಬೇಕು.

ಆಮೇಲೆ ಬಣ್ಣ. ನೀಲಿ ಅಂದರೆ ಯಾವ ನೀಲಿ? ಕಿಟಕಿ ಪಕ್ಕ ಒಂದು ಸಲ, ಹಳದಿ ಬಲ್ಬಿನ ಕೆಳಗೆ ಒಂದು ಸಲ ನೋಡಬೇಕು. ಅಂಗಡಿಯ ಬಿಳಿ ಲೈಟಿನಲ್ಲಿ ಮಾತ್ರ ನೋಡಿ ಕೊಂಡವರು ಮನೆಗೆ ಬಂದು ಪೆಚ್ಚಾಗಿದ್ದಾರೆ. ಕಲ್ಲನ್ನು ತಿರುಗಿಸಿಯೂ ನೋಡಿ. ಬೇರೆ ಬೇರೆ ದಿಕ್ಕಿನಿಂದ ಬೇರೆ ಬೇರೆ ಬಣ್ಣ ತೋರಿಸುವ ಹರಳುಗಳು ಇಲ್ಲಿ ಸುಮಾರಿವೆ.

ಅಪರೂಪದಲ್ಲೂ ಬಗೆಗಳಿವೆ. ಖನಿಜವೇ ಅಪರೂಪ ಇರಬಹುದು. ಖನಿಜ ಸಿಕ್ಕಿದರೂ ಸಾಣೆ ಹಿಡಿಯುವಷ್ಟು ತಿಳಿಯಾದದ್ದು ಅಪರೂಪ ಇರಬಹುದು. ಅದೂ ಸಿಕ್ಕಿ, ದೊಡ್ಡ ಗಾತ್ರ ಮಾತ್ರ ಅಪರೂಪ ಇರಬಹುದು. ಮಾರುವವರು ಮೂರನ್ನೂ ಸೇರಿಸಿ ಒಂದೇ ಉಸಿರಿನಲ್ಲಿ "ಬಹಳ ಅಪರೂಪ ಸರ್" ಅನ್ನುತ್ತಾರೆ. ಯಾವ ಬಗೆಯದು ಅಂತ ಕೇಳಿ.

ಇನ್ನು ಕಲ್ಲಿಗೆ ಏನೇನು ಮಾಡಿದ್ದಾರೆ ಅನ್ನುವುದು. ಕಾಯಿಸಿದ್ದಾರಾ, ಬಿರುಕಿಗೆ ಎಣ್ಣೆ ಅಥವಾ ರಾಳ ತುಂಬಿದ್ದಾರಾ, ಲ್ಯಾಬ್‌ನಲ್ಲೇ ಬೆಳೆಸಿದ್ದಾ? ಕೊನೆಯದಾಗಿ, ನಾಳೆ ಮಾರಬೇಕು ಅಂದರೆ ಕೊಳ್ಳುವವರು ಯಾರು? ಹೆಸರೇ ಕೇಳಿರದ ಕಲ್ಲಿಗೆ ಗಿರಾಕಿ ಬೆರಳೆಣಿಕೆಯಷ್ಟು. ಅವರನ್ನು ಹುಡುಕಲು ತಾಳ್ಮೆ ಬೇಕು. ದುಡ್ಡು ಬೆಳೆಯಲಿ ಅನ್ನುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಈ ದಾರಿ ಬೇಡ.

ಬೆನಿಟೋಯಿಟ್

ನನಗೆ ಈ ಕಲ್ಲಿನ ಮೇಲೆ ಪ್ರೀತಿ ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

1907ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಬೆನಿಟೋ ಬೆಟ್ಟಗಳಲ್ಲಿ ಇದು ಕಣ್ಣಿಗೆ ಬಿತ್ತು. ಮೊದಮೊದಲು ಇದನ್ನು ನೀಲಮಣಿ ಅಂದುಕೊಂಡಿದ್ದರು. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿದ್ದ ಜಾರ್ಜ್ ಲೌಡರ್‌ಬ್ಯಾಕ್ ಪರೀಕ್ಷೆ ಮಾಡಿ, ಇದು ಹೊಸ ಖನಿಜ ಅಂತ ಅದೇ ವರ್ಷ ಪ್ರಕಟಿಸಿ, ಊರಿನ ಹೆಸರನ್ನೇ ಇಟ್ಟರು. ಒಳಗಿರುವುದು ಬೇರಿಯಂ, ಟೈಟಾನಿಯಂ, ಸಿಲಿಕಾ. ಜಪಾನಿನಲ್ಲಿ, ಅಮೆರಿಕದ ಅರ್ಕಾನ್ಸಾದಲ್ಲಿ ಸಣ್ಣ ಹರಳುಗಳು ಸಿಕ್ಕಿವೆ. ಆದರೆ ಸಾಣೆ ಹಿಡಿದು ಮಾರುವಂಥ ಕಲ್ಲು ಬಂದಿರುವುದು ಆ ಒಂದು ಬೆಟ್ಟದಿಂದ. ಅಲ್ಲಿನ ವ್ಯಾಪಾರದ ಗಣಿಗಾರಿಕೆ ಈ ಶತಮಾನದ ಮೊದಲ ದಶಕದಲ್ಲೇ ನಿಂತಿತು. 1985ರಿಂದ ಇದು ಕ್ಯಾಲಿಫೋರ್ನಿಯಾ ರಾಜ್ಯದ ಅಧಿಕೃತ ರತ್ನ. ಈಗ ಮಾರಾಟಕ್ಕೆ ಬರುವುದು ಹೆಚ್ಚಾಗಿ ಹಳೆಯ ಸಂಗ್ರಹಗಳಿಂದ ಹೊರಬಿದ್ದ ಕಲ್ಲುಗಳೇ.

ಅಂದ ನೋಡಿದರೆ, ಬಣ್ಣ ನೀಲಮಣಿಯದು, ಬೆಂಕಿ ವಜ್ರದ್ದು. ಬೆಳಕನ್ನು ಏಳು ಬಣ್ಣವಾಗಿ ಒಡೆಯುವ ಶಕ್ತಿಯಲ್ಲಿ ಬೆನಿಟೋಯಿಟ್ ವಜ್ರಕ್ಕೆ ಸಮ. ಆದರೆ ಇಲ್ಲೊಂದು ಇಕ್ಕಟ್ಟಿದೆ. ನೀಲಿ ಗಾಢವಾದಷ್ಟೂ ಆ ಬೆಂಕಿ ಮುಚ್ಚಿಹೋಗುತ್ತದೆ. ತಿಳಿನೀಲಿ ಕಲ್ಲಿನಲ್ಲಿ ಕೆಂಪು, ಹಸಿರು ಕಿಡಿಗಳು ಹಾರುತ್ತವೆ, ಗಾಢನೀಲಿಯಲ್ಲಿ ಅವು ಅಡಗಿ ಕೂರುತ್ತವೆ. ಸಾಮಾನ್ಯವಾಗಿ ಗಾಢ ಬಣ್ಣಕ್ಕೇ ದುಡ್ಡು ಜಾಸ್ತಿ. ನನ್ನ ಮಾತು ಕೇಳಿದರೆ ಮಧ್ಯದ್ದನ್ನು ತೆಗೆದುಕೊಳ್ಳಿ. ಎರಡೂ ಸ್ವಲ್ಪ ಸ್ವಲ್ಪ ಸಿಗುತ್ತದೆ, ದುಡ್ಡೂ ಉಳಿಯುತ್ತದೆ.

ಇನ್ನೊಂದು ಇಕ್ಕಟ್ಟು ಸಾಣೆಗಾರನದು. ಇದರ ಹರಳು ಚಪ್ಪಟೆ ತ್ರಿಕೋನ, ಸಮೋಸ ಅದುಮಿದ ಹಾಗೆ. ಆ ಚಪ್ಪಟೆ ಮುಖದಿಂದ ನೇರ ಒಳಗೆ ನೋಡಿದರೆ ಕಲ್ಲಿಗೆ ಬಣ್ಣವೇ ಇಲ್ಲ! ಪಕ್ಕಕ್ಕೆ ತಿರುಗಿಸಿದರೆ ನೀಲಿ. ಹಾಗಾಗಿ ದೊಡ್ಡ ಕಲ್ಲು ಬೇಕು ಅಂತ ಚಪ್ಪಟೆ ಮುಖವನ್ನೇ ಮೇಲಿಟ್ಟು ಕತ್ತರಿಸಿದರೆ ಬಣ್ಣ ಕೈಬಿಡುತ್ತದೆ. ಬಣ್ಣ ಬೇಕು ಅಂತ ಅಡ್ಡಲಾಗಿ ಕತ್ತರಿಸಿದರೆ ಗಾತ್ರ ಕೈಬಿಡುತ್ತದೆ. ಒಂದು ಕ್ಯಾರೆಟ್ (ಹರಳು ತೂಗುವ ಅಳತೆ, 0.2 ಗ್ರಾಂ) ದಾಟಿದ, ಬಣ್ಣವೂ ಚೆನ್ನಾಗಿರುವ ಕಲ್ಲಿಗೆ ಯಾಕೆ ಅಷ್ಟು ಬೆಲೆ ಅಂತ ಇದರಿಂದ ಅರ್ಥವಾಗುತ್ತದೆ. ಸಿಗುವ ಕಲ್ಲುಗಳಲ್ಲಿ ಹೆಚ್ಚಿನವು ಅದಕ್ಕಿಂತ ಚಿಕ್ಕವು. ಅರ್ಧ ಕ್ಯಾರೆಟ್‌ನ ದುಂಡು ಕಲ್ಲು ಅಂದರೆ ಸುಮಾರು 5 ಮಿಲಿಮೀಟರ್ ಅಗಲ.

ಪರೀಕ್ಷೆ ಮಾಡಲು ಇಷ್ಟು ಸುಲಭದ ಕಲ್ಲು ಇನ್ನೊಂದಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು, ಮೇಲಿನ ಮುಖದಿಂದ ಒಳಗೆ ಇಣುಕಿ, ಹಿಂಬದಿಯ ಅಂಚುಗಳನ್ನು ನೋಡಿ. ಒಂದೊಂದು ಗೆರೆಯೂ ಎರಡೆರಡಾಗಿ ಕಾಣುತ್ತದೆ. ನೀಲಮಣಿಯಲ್ಲಿ ಈ ಜೋಡಿ ಗೆರೆ ಇಷ್ಟು ಎದ್ದು ಕಾಣುವುದಿಲ್ಲ, ಗಾಜಿನಲ್ಲಿ ಮತ್ತು ಸ್ಪಿನೆಲ್‌ನಲ್ಲಿ ಇಲ್ಲವೇ ಇಲ್ಲ. ಒಂದೇ ಕೋನದಲ್ಲಿ ಕಾಣದಿದ್ದರೆ ಕಲ್ಲನ್ನು ಸ್ವಲ್ಪ ಓರೆ ಮಾಡಿ. ಎರಡನೆಯ ಪರೀಕ್ಷೆ ಶಾರ್ಟ್‌ವೇವ್ ಅಲ್ಟ್ರಾವೈಲೆಟ್ ದೀಪ. ಅದರ ಕೆಳಗೆ ಬೆನಿಟೋಯಿಟ್ ಸೀಮೆಸುಣ್ಣದ ನೀಲಿಯಾಗಿ ಉರಿಯುತ್ತದೆ. ಅಗ್ಗದ ಅಲ್ಟ್ರಾವೈಲೆಟ್ ಟಾರ್ಚುಗಳು ಲಾಂಗ್‌ವೇವ್‌ನವು, ಅವುಗಳಿಂದ ಈ ಕೆಲಸ ಆಗುವುದಿಲ್ಲ. ಶಾರ್ಟ್‌ವೇವ್ ಬೆಳಕು ಕಣ್ಣಿಗೆ ಕೆಟ್ಟದ್ದು, ರಕ್ಷಣೆಯ ಕನ್ನಡಕ ಹಾಕದೆ ದೀಪ ಹಚ್ಚಬೇಡಿ.

ಈ ಗುಣ ನನ್ನನ್ನು ಒಮ್ಮೆ ಕಾಪಾಡಿತು. 3 ಮಿಲಿಮೀಟರ್‌ನ ಒಂದು ಕಲ್ಲನ್ನು ಚಿಮುಟದಲ್ಲಿ ಹಿಡಿದಿದ್ದೆ. ಸ್ವಲ್ಪ ಬಿಗಿಯಾಗಿ ಒತ್ತಿದೆ ಅಷ್ಟೇ, ಟಿಕ್ ಅಂತ ಹಾರಿತು. ಮೇಜಿನ ಮೇಲಿಲ್ಲ, ಮಡಿಲಲ್ಲಿಲ್ಲ. ಒಂದು ಗಂಟೆ ನೆಲದ ಮೇಲೆ ತೆವಳಿದೆ. ಕೊನೆಗೆ ಲೈಟ್ ಆರಿಸಿ, ಪರದೆ ಎಳೆದು, ಶಾರ್ಟ್‌ವೇವ್ ದೀಪ ಹಿಡಿದು ಮೂಲೆ ಮೂಲೆ ಹುಡುಕಿದೆ. ಕಾಗದದ ಚೂರು, ಬಟ್ಟೆಯ ನೂಲು ಮಂಕಾಗಿ ಮಿನುಗಿದವು. ಬೀರುವಿನ ಕಾಲಿನ ಹಿಂದೆ ಒಂದು ಚುಕ್ಕಿ ಮಾತ್ರ ಕಿಡಿಯ ಹಾಗೆ ನೀಲಿಯಾಗಿ ಉರಿಯುತ್ತಿತ್ತು.

ಅಂಚು ಸವೆದಿರಲಿಲ್ಲ, ಅದೃಷ್ಟ. ಇದರ ಗಡಸುತನ 6ರಿಂದ 6.5 ಅಷ್ಟೇ. ಓಲೆಗೆ, ಪೆಂಡೆಂಟಿಗೆ ತೊಂದರೆಯಿಲ್ಲ. ಉಂಗುರ ಮಾಡಿಸಲೇಬೇಕು ಅಂದರೆ ಸುತ್ತ ಲೋಹದ ಅಂಚು ಕಟ್ಟಿಸಿ, ಅಪರೂಪಕ್ಕೊಮ್ಮೆ ಹಾಕಿಕೊಳ್ಳಿ. ಒಳ್ಳೆಯ ವಿಷಯ ಏನೆಂದರೆ, ನೀಲಿ ಬೆನಿಟೋಯಿಟ್‌ಗೆ ಸಾಮಾನ್ಯವಾಗಿ ಏನೂ ಮಾಡಿರುವುದಿಲ್ಲ. ಭೂಮಿಯಿಂದ ಬಂದ ಬಣ್ಣವೇ ಅದು.

ಸಾಣೆ ಹಿಡಿದ ಕಲ್ಲೇ ಬೇಕಾ ಅನ್ನುವುದನ್ನೂ ಯೋಚಿಸಿ. ಬೆನಿಟೋಯಿಟ್ ಬೆಳೆಯುವುದು ನ್ಯಾಟ್ರೊಲೈಟ್ ಅನ್ನುವ ಬಿಳಿ ಖನಿಜದ ಒಳಗೆ, ನೆಪ್ಚುನೈಟ್ ಅನ್ನುವ ಕಪ್ಪು ಕಡ್ಡಿಗಳ ಜೊತೆ. ಆಸಿಡ್‌ನಲ್ಲಿ ಬಿಳಿಯನ್ನು ಕರಗಿಸಿದರೆ ನೀಲಿ ತ್ರಿಕೋನಗಳು ಹೊರಗೆ ಬರುತ್ತವೆ. ಬಿಳಿ ಹಾಸಿನ ಮೇಲೆ ನೀಲಿ ತ್ರಿಕೋನ, ಪಕ್ಕದಲ್ಲಿ ಕರಿ ಕಡ್ಡಿ. ಹರಳು ತಿಳಿಯಾಗಿರದಿದ್ದರೆ ಇಂಥ ತುಂಡು, ಅದೇ ಅಂದದ ಸಾಣೆ ಕಲ್ಲಿಗಿಂತ ಕಡಿಮೆಗೆ ಸಿಗುತ್ತದೆ. ಬಿದ್ದ ಹರಳನ್ನು ಅಂಟಿಸಿ ಮಾರುವುದೂ ಉಂಟು. ಹರಳಿನ ಬುಡದ ಸುತ್ತ ಲೂಪ್ ಹಿಡಿದು ನೋಡಿ.

ಟಾಂಜನೈಟ್

ಇದೂ ಒಂದೇ ಊರಿನ ಕಲ್ಲು. ಟಾಂಜಾನಿಯಾದ ಉತ್ತರದಲ್ಲಿ ಅರೂಶಾ ಹತ್ತಿರದ ಮೆರೆಲಾನಿ ಬೆಟ್ಟ. 1967ರಲ್ಲಿ ಬೆಳಕಿಗೆ ಬಂತು, ಮರುವರ್ಷ ಅಮೆರಿಕದ ಒಡವೆ ಕಂಪನಿ ಟಿಫನಿ ಈ ಹೆಸರಿಟ್ಟು ಮಾರುಕಟ್ಟೆಗೆ ತಂದಿತು. ಖನಿಜದ ಹೆಸರು ಜೋಯ್‌ಸೈಟ್, ಬಣ್ಣ ಕೊಡುವುದು ವನೇಡಿಯಂ.

"ಒಂದೇ ಗಣಿ, ಹಾಗಾಗಿ ಅಪರೂಪ" ಅನ್ನುವ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಜಾಗ ಒಂದೇ ಹೌದು. ಆದರೆ ಆ ಜಾಗದಿಂದ ಬಂದಿರುವ ಕಲ್ಲು ರಾಶಿ. 2020ರಲ್ಲಿ ಸನಿನಿಯು ಲೈಜರ್ ಅನ್ನುವ ಗಣಿಗಾರರಿಗೆ ಎರಡು ಕಚ್ಚಾ ಕಲ್ಲು ಸಿಕ್ಕವು, ಒಂದರ ತೂಕ 9 ಕಿಲೋ ದಾಟಿತ್ತು, ಇನ್ನೊಂದರದ್ದು 5 ಕಿಲೋ. ಬೆನಿಟೋಯಿಟ್ ಲೋಕದಲ್ಲಿ ಗ್ರಾಂ ಲೆಕ್ಕಕ್ಕೇ ಜನ ಕುಣಿಯುತ್ತಾರೆ. ಹಾಗಂತ ಇದನ್ನು ಕೀಳಾಗಿ ನೋಡಬೇಡಿ. ದೊಡ್ಡ ನೀಲಿ ಕಲ್ಲು ಕೈಗೆಟುಕುವ ಬೆಲೆಗೆ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮೂರು, ಐದು ಕ್ಯಾರೆಟ್ ತಿಳಿಯಾದ ಕಲ್ಲು ಸಲೀಸಾಗಿ ಸಿಗುತ್ತದೆ.

ಒಂದು ದಿಕ್ಕಿನಿಂದ ನೀಲಿ, ಇನ್ನೊಂದರಿಂದ ನೇರಳೆ. ಕಚ್ಚಾ ಕಲ್ಲಿನಲ್ಲಿ ಮೂರನೆಯ ದಿಕ್ಕಿಗೆ ಕಂದು ಬಣ್ಣ ಇರುತ್ತದೆ. ಸುಮಾರು 500–600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಆ ಕಂದನ್ನು ಹೋಗಲಾಡಿಸುತ್ತಾರೆ. ಮಾರುಕಟ್ಟೆಯ ಟಾಂಜನೈಟ್ ಹೆಚ್ಚುಕಡಿಮೆ ಎಲ್ಲವೂ ಕಾಯಿಸಿದ್ದೇ. ಬಣ್ಣ ಮತ್ತೆ ಹೋಗುವುದಿಲ್ಲ, ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. "ಕಾಯಿಸದ ಕಲ್ಲು" ಅಂತ ಜಾಸ್ತಿ ದುಡ್ಡು ಕೇಳಿದರೆ ಮಾತ್ರ ಹರಳು ಪರೀಕ್ಷಿಸುವ ಲ್ಯಾಬ್‌ನ ಕಾಗದ ಕೇಳಿ. ಹಳದಿ ಬಲ್ಬಿನ ಕೆಳಗೆ ನೇರಳೆ ಜಾಸ್ತಿಯಾಗುತ್ತದೆ. ಅಪ್ಪಟ ನೀಲಿಯೇ ಬೇಕು ಅನ್ನುವವರಿಗೆ ಇದು ಕಿರಿಕಿರಿ.

ಗಡಸುತನ 6–7, ಜೊತೆಗೆ ಒಂದು ದಿಕ್ಕಿನಲ್ಲಿ ಸಲೀಸಾದ ಸೀಳು. ಇದರ ಪಾಠ ನಾನು ದುಡ್ಡು ಕೊಟ್ಟು ಕಲಿತೆ. ಉಂಗುರ ಕ್ಲೀನ್ ಮಾಡಿಕೊಡಿ ಅಂತ ಒಂದು ಅಂಗಡಿಯಲ್ಲಿ ಕೊಟ್ಟೆ. ಅವರು ಬೇರೆ ಒಡವೆಗಳ ಜೊತೆ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿದರು. ವಾಪಸ್ ಬಂದಾಗ ಕಲ್ಲಿನ ಅಡ್ಡಕ್ಕೆ ಕೂದಲೆಳೆಯಷ್ಟು ಸಣ್ಣ ಬೆಳ್ಳಿ ಗೆರೆ. ಓರೆ ಮಾಡಿದರೆ ಕನ್ನಡಿ ಥರ ಹೊಳೆಯುತ್ತಿತ್ತು, ಒಳಗೆ ಸೀಳು ಬಿಟ್ಟಿತ್ತು. ಯಂತ್ರ ಬೇಡ, ಬೆಚ್ಚಗಿನ ಸೋಪು ನೀರು, ಮೆತ್ತನೆಯ ಬ್ರಷ್ ಸಾಕು ಅಂತ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿರಲಿಲ್ಲ.

ಕೋಬಾಲ್ಟ್ ಸ್ಪಿನೆಲ್

ದಿನಾ ಹಾಕಿಕೊಳ್ಳುವ ಉಂಗುರಕ್ಕೆ ಅಪರೂಪದ ನೀಲಿ ಬೇಕು ಅಂದರೆ ನನ್ನ ಉತ್ತರ ಇದು. ಕೋಬಾಲ್ಟ್ ಅನ್ನುವ ಲೋಹದಿಂದ ನೀಲಿ ಬಂದ ಸ್ಪಿನೆಲ್ ಹರಳು ಇದು. ಗಡಸುತನ 8, ಸೀಳಿನ ಕಾಟವಿಲ್ಲ. ಯಾವ ದಿಕ್ಕಿನಿಂದ ನೋಡಿದರೂ ಒಂದೇ ಬಣ್ಣ. ವಿಯೆಟ್ನಾಂನ ಲುಕ್ ಯೆನ್ ಕಡೆಯ ಕಲ್ಲಿನ ನೀಲಿ ಎಷ್ಟು ಗಟ್ಟಿ ಅಂದರೆ, ಬಿಳಿ ಕಾಗದದ ಮೇಲಿಟ್ಟಾಗ ಪ್ಲಾಸ್ಟಿಕ್ ಇರಬಹುದಾ ಅಂತ ಅನುಮಾನ ಬರುತ್ತದೆ. ಶ್ರೀಲಂಕಾ, ಟಾಂಜಾನಿಯಾದಿಂದಲೂ ಬರುತ್ತದೆ. ಕಲ್ಲುಗಳು ಚಿಕ್ಕವು, ಒಂದು ಕ್ಯಾರೆಟ್ ದಾಟಿದ ಒಳ್ಳೆಯ ಬಣ್ಣದ್ದು ಹುಡುಕುವುದು ಕಷ್ಟ.

ತೊಡಕು ನಂಬಿಕೆಯದು. ಹೆಚ್ಚಿನ ನೀಲಿ ಸ್ಪಿನೆಲ್‌ಗೆ ಬಣ್ಣ ಬರುವುದು ಕಬ್ಬಿಣದಿಂದ, ಬೂದು ಮಿಶ್ರಿತ ನೀಲಿ. ಅದನ್ನೂ ಕೋಬಾಲ್ಟ್ ಅಂತ ಹೆಸರಿಟ್ಟು ಮಾರುತ್ತಾರೆ. ಮೇಲಾಗಿ ಕೋಬಾಲ್ಟ್ ಹಾಕಿ ಲ್ಯಾಬ್‌ನಲ್ಲಿ ಬೆಳೆಸಿದ ನೀಲಿ ಸ್ಪಿನೆಲ್ ಸುಮಾರು ನೂರು ವರ್ಷದಿಂದ ಅಗ್ಗದ ಒಡವೆಗಳಲ್ಲಿ ಇದೆ. ಕೆಲವರು ಚೆಲ್ಸಿ ಫಿಲ್ಟರ್ (ಹರಳು ಪರೀಕ್ಷೆಗೆ ಬಳಸುವ ಬಣ್ಣದ ಫಿಲ್ಟರ್) ಹಿಡಿದು, "ನೋಡಿ, ಕೆಂಪಾಗಿ ಕಾಣುತ್ತಿದೆ, ಕೋಬಾಲ್ಟ್ ಇದೆ" ಅಂತ ತೋರಿಸುತ್ತಾರೆ. ಲ್ಯಾಬ್ ಕಲ್ಲೂ ಕೆಂಪಾಗೇ ಕಾಣುತ್ತದೆ! ಕೋಬಾಲ್ಟ್ ಇದೆ ಅನ್ನುವುದಕ್ಕೆ ಅದು ಸುಳಿವು, ಭೂಮಿಯಿಂದ ಬಂದಿದೆ ಅನ್ನುವುದಕ್ಕೆ ಅಲ್ಲ. ಮಂಕು ಕಲ್ಲನ್ನು ಕೋಬಾಲ್ಟ್ ಜೊತೆ ಕಾಯಿಸಿ ಬಣ್ಣ ಏರಿಸುವುದೂ ಈಚೆಗೆ ಶುರುವಾಗಿದೆ. ಒಳ್ಳೆಯ ಲ್ಯಾಬ್ ರಿಪೋರ್ಟ್ ಇಲ್ಲದೆ ಈ ಕಲ್ಲಿಗೆ ದೊಡ್ಡ ದುಡ್ಡು ಕೊಡಲೇಬೇಡಿ. ಜಿಐಎ, ಗ್ಯೂಬೆಲಿನ್, ಎಸ್‌ಎಸ್‌ಇಎಫ್ ಥರದ ಹೆಸರಿರುವ ಲ್ಯಾಬ್ ಆಗಲಿ. ರಿಪೋರ್ಟಿನ ನಂಬರನ್ನು ಲ್ಯಾಬಿನ ಸೈಟಿನಲ್ಲೇ ಹಾಕಿ ತಾಳೆ ನೋಡಿ.

ಪರೈಬಾ ಟೂರ್ಮಲಿನ್

1980ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನ ಪರೈಬಾ ರಾಜ್ಯದಿಂದ ಬಂದ ಕಲ್ಲು. ಹೈಟರ್ ಡಿಮಾಸ್ ಬಾರ್ಬೋಸಾ ಅನ್ನುವವರು ವರ್ಷಗಟ್ಟಲೆ ಒಂದೇ ಗುಡ್ಡ ಅಗೆಸಿ ಇದನ್ನು ಹೊರತೆಗೆದರು. ತಾಮ್ರದಿಂದ ಬರುವ ನೀಲಿ, ಒಳಗೆ ದೀಪ ಹಚ್ಚಿಟ್ಟ ಹಾಗೆ. ಮಬ್ಬು ಬೆಳಕಿನಲ್ಲೂ ಕಾಣುತ್ತದೆ. ಈ ಪಟ್ಟಿಯಲ್ಲಿ ಹೆಸರಿಗೆ ಮಾರುಕಟ್ಟೆ ಇರುವುದು ಇದಕ್ಕೆ, ಬೆಲೆಯೂ ಹಾಗೇ ಏರಿದೆ.

ಆಮೇಲೆ ನೈಜೀರಿಯಾ, ಮೊಜಾಂಬಿಕ್‌ನಲ್ಲೂ ತಾಮ್ರದ ಟೂರ್ಮಲಿನ್ ಸಿಕ್ಕಿತು. ಲ್ಯಾಬ್‌ಗಳು ಅದಕ್ಕೂ ಪರೈಬಾ ಅನ್ನುವ ಹೆಸರನ್ನೇ ಕೊಡುತ್ತವೆ, ಊರನ್ನು ಬೇರೆ ಬರೆಯುತ್ತವೆ. ಬ್ರೆಜಿಲ್ ಅಂತ ಬರೆದಿದ್ದರೆ ಬೆಲೆ ಏರುತ್ತದೆ. ಮೊಜಾಂಬಿಕ್ ಕಲ್ಲು ಸಾಮಾನ್ಯವಾಗಿ ದೊಡ್ಡದು, ತಿಳಿಯಾದದ್ದು, ಬಣ್ಣ ಸ್ವಲ್ಪ ತೆಳು. ಊರಿನ ಹೆಸರಿಗೆ ದುಡ್ಡು ಕೊಡುವ ಆಸೆ ನಿಮಗಿಲ್ಲದಿದ್ದರೆ ಮೊಜಾಂಬಿಕ್ ಕಲ್ಲೇ ಲಾಭ. ಗಡಸುತನ 7–7.5, ಎಚ್ಚರದಿಂದ ಇದ್ದರೆ ಉಂಗುರಕ್ಕೂ ಆದೀತು. ಆದರೆ ಬಿರುಕಿಗೆ ಎಣ್ಣೆ, ರಾಳ ತುಂಬುವುದು ಇದರಲ್ಲಿ ಮಾಮೂಲು. ತುಂಬಿಲ್ಲ ಅಂತ ರಿಪೋರ್ಟ್‌ನಲ್ಲಿ ಇದೆಯಾ ನೋಡಿಕೊಳ್ಳಿ. ಸಣ್ಣ ಬಜೆಟ್‌ನವರು ಈ ಕಡೆ ತಲೆ ಹಾಕದಿರುವುದೇ ವಾಸಿ. ಆ ದುಡ್ಡಿಗೆ ಸಿಗುವುದು ಬಿರುಕು ಬಿಟ್ಟ ಚೂರು.

ಹೌಯಿನ್ ಮತ್ತು ಜೆರೆಮೆಯೆವೈಟ್

ಇವೆರಡು ನಿಜವಾದ ಹುಚ್ಚರಿಗೆ.

ಹೌಯಿನ್ ಅಗ್ನಿಪರ್ವತದ ಕಲ್ಲು. ಜರ್ಮನಿಯ ಐಫೆಲ್ ಪ್ರದೇಶದಲ್ಲಿ ಸುಮಾರು 13,000 ವರ್ಷದ ಹಿಂದೆ ಲಾಖರ್ ಜೇ ಅಗ್ನಿಪರ್ವತ ಸಿಡಿದಾಗ ಚೆಲ್ಲಿದ ಹಗುರ ಕಲ್ಲಿನಲ್ಲಿ ಈ ನೀಲಿ ಕಣಗಳು ಸಿಗುತ್ತವೆ. ಹೆಸರು ಬಂದದ್ದು ಫ್ರಾನ್ಸಿನ ರೆನೆ ಜುಸ್ಟ್ ಹೌಯಿ ಅವರಿಂದ. ಕೈಜಾರಿ ಬಿದ್ದ ಕ್ಯಾಲ್ಸೈಟ್ ಹರಳು ಒಡೆದ ರೀತಿ ನೋಡಿ ಹರಳುಶಾಸ್ತ್ರಕ್ಕೆ ಬುನಾದಿ ಹಾಕಿದರು ಅಂತ ಅವರ ಬಗ್ಗೆ ಕಥೆ ಇದೆ. ನನ್ನ ಕೈಜಾರಿದಾಗ ಸಿಕ್ಕಿದ್ದು ಮಂಡಿನೋವು ಮಾತ್ರ.

ನೀಲಿಯ ಸೊಗಸಿನಲ್ಲಿ ಇದನ್ನು ಮೀರಿಸುವುದು ಕಷ್ಟ, ಬಟ್ಟೆಗೆ ಹಾಕುವ ನೀಲಿಯ ಹಾಗೆ ಕಣ್ಣಿಗೆ ಹೊಡೆಯುತ್ತದೆ. ಎರಡು ಮಿಲಿಮೀಟರ್ ಕಲ್ಲೂ ಮೇಜಿನ ಆ ಬದಿಯಿಂದ ಕಾಣುತ್ತದೆ. ಸಿಗುವುದೂ ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದು. ಅರ್ಧ ಕ್ಯಾರೆಟ್ ದಾಟಿದರೆ ಅದು ದೊಡ್ಡ ಸುದ್ದಿ. ಗಡಸುತನ 5.5–6, ಸೀಳೂ ಉಂಟು, ಆಸಿಡ್ ತಾಗಿದರೆ ಹಾಳು. ಒಡವೆ ಮಾಡಿಸುವ ಯೋಚನೆ ಬಿಟ್ಟುಬಿಡಿ. ಆದರೆ ಸಣ್ಣ ಬಜೆಟ್‌ನವರು ಇದನ್ನು ಮರೆಯಬಾರದು. ಕ್ಯಾರೆಟ್ ಲೆಕ್ಕದ ಬೆಲೆ ಹೆದರಿಸುತ್ತದೆ, ನಿಜ. ಕೊಳ್ಳುವುದು ಒಂದು ಕ್ಯಾರೆಟ್ಟಿನ ಹತ್ತನೇ ಒಂದು ಭಾಗ ಅಲ್ವಾ? ಒಟ್ಟು ಮೊತ್ತ ಅಷ್ಟೇನೂ ಆಗುವುದಿಲ್ಲ.

ಜೆರೆಮೆಯೆವೈಟ್ ಮೊದಲು ಸಿಕ್ಕಿದ್ದು 1883ರಲ್ಲಿ, ಸೈಬೀರಿಯಾದಲ್ಲಿ. ಸಂಗ್ರಹಕಾರರು ಬಾಯಿಬಿಡುವ ನೀಲಿ ಬಂದದ್ದು ನಮೀಬಿಯಾದಿಂದ, 1970ರ ದಶಕದಲ್ಲಿ ಕೇಪ್ ಕ್ರಾಸ್ ಹತ್ತಿರದ ಹರಳುಗಳು, ಆಮೇಲೆ 2001ರಲ್ಲಿ ಎರೊಂಗೊ ಬೆಟ್ಟದವು. ಹರಳು ಸೂಜಿಯ ಹಾಗೆ ಉದ್ದ, ಹಾಗಾಗಿ ಸಾಣೆ ಹಿಡಿದ ಕಲ್ಲೂ ಉದ್ದ, ಸಪೂರ. ಗಡಸುತನ 6.5ರಿಂದ 7.5, ಸೀಳಿಲ್ಲ. ತಾಳಿಕೆಯಲ್ಲಿ ಬೆನಿಟೋಯಿಟ್‌ಗಿಂತ ವಾಸಿ. ಕೊರತೆ ಒಂದೇ: ತಿಳಿನೀಲಿ ಕಲ್ಲನ್ನು ಯಾರಿಗಾದರೂ ತೋರಿಸಿದರೆ "ಅಕ್ವಾಮರೀನ್ ಥರಾನೇ ಇದೆಯಲ್ಲ" ಅನ್ನುತ್ತಾರೆ. ಅದು ನಿಮಗೆ ನೋವು ಕೊಡುತ್ತದೆ ಅಂದರೆ ಕೊಳ್ಳಬೇಡಿ.

ನೀಲಮಣಿ ಬೇಡವೇ ಬೇಡವಾ?

ಬೇಡ ಅನ್ನುವ ಮೊದಲು ಒಂದು ಮಾತು. ನೀಲಮಣಿ ಅಪರೂಪವಲ್ಲ, ಕಾಯಿಸದ ಒಳ್ಳೆಯ ನೀಲಮಣಿ ಅಪರೂಪ. 1880ರ ದಶಕದ ಆರಂಭದಲ್ಲಿ ಕಾಶ್ಮೀರದ ಪಾಡರ್‌ನಲ್ಲಿ ಭೂಕುಸಿತದಿಂದ ಹೊರಬಿದ್ದ ನೀಲಗಳು ಕೆಲವೇ ವರ್ಷದಲ್ಲಿ ಮುಗಿದುಹೋದವು. ಮಖಮಲ್ಲಿನಂಥ ಆ ನೀಲಿಗೆ ಇಂದಿಗೂ ಹರಾಜಿನಲ್ಲಿ ಪೈಪೋಟಿ. ಅದು ನಮ್ಮಂಥವರ ಲೆಕ್ಕದ್ದಲ್ಲ. ಆದರೆ ಶ್ರೀಲಂಕಾದ ಕಾಯಿಸದ ಒಂದು ಕ್ಯಾರೆಟ್ ನೀಲ, ರಿಪೋರ್ಟ್ ಸಮೇತ, ಗಡಸುತನ 9. ಮಾರುವ ದಿನ ಬಂದರೆ ಗಿರಾಕಿ ಹುಡುಕಬೇಕಿಲ್ಲ. ಮನೆಯವರಿಗೂ ಒಪ್ಪಿಗೆಯಾಗಬೇಕು, ಎರಡು ತಲೆಮಾರು ಬಾಳಬೇಕು ಅನ್ನುವವರು ಇಲ್ಲೇ ನಿಂತುಬಿಡಿ.

ಜೇಬು ನೋಡಿಕೊಂಡು

ಕೈಯಲ್ಲಿ ಸ್ವಲ್ಪವೇ ದುಡ್ಡಿದೆ, ಇನ್ನೂ ಕಲಿಯುತ್ತಿದ್ದೀರಿ ಅಂದರೆ ಈ ಮೇಲಿನ ಯಾವುದನ್ನೂ ಈಗ ಕೊಳ್ಳಬೇಡಿ. ಒಂದು ಕಯನೈಟ್, ಒಂದು ಐಯೊಲೈಟ್ ತೆಗೆದುಕೊಳ್ಳಿ. ಐಯೊಲೈಟನ್ನು ತಿರುಗಿಸಿದರೆ ನೇರಳೆ ನೀಲಿ ಹೋಗಿ ಒಣಹುಲ್ಲಿನ ಬಣ್ಣ ಬರುತ್ತದೆ. ದಿಕ್ಕಿನ ಜೊತೆ ಬಣ್ಣ ಬದಲಾಗುವುದು ಅಂದರೆ ಏನು ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಕಯನೈಟ್ ಉದ್ದಕ್ಕೆ ಗೀರಿದರೆ 5ರ ಆಸುಪಾಸಿನ ಗಡಸು, ಅಡ್ಡಕ್ಕೆ ಗೀರಿದರೆ 7ರ ಹತ್ತಿರ. ಒಂದೇ ಕಲ್ಲಿಗೆ ಎರಡು ಸ್ವಭಾವ. ಮಿಕ್ಕ ದುಡ್ಡಿಗೆ ಒಳ್ಳೆಯ ಲೂಪ್ ಕೊಳ್ಳಿ.

ಸ್ವಲ್ಪ ಕೂಡಿಟ್ಟಿದ್ದೀರಿ, ಅಪರೂಪದ್ದು ಅನ್ನಿಸಿಕೊಳ್ಳುವ ಒಂದು ಕಲ್ಲು ಬೇಕು, ಒಡವೆ ಬೇಡ ಅಂದರೆ ಕಾಲು ಕ್ಯಾರೆಟ್ ಸುತ್ತಮುತ್ತಲಿನ ಬೆನಿಟೋಯಿಟ್. ಇಲ್ಲವೇ ಬಿಳಿ ಹಾಸಿನ ಮೇಲಿನ ಬೆನಿಟೋಯಿಟ್ ತುಂಡು. ನೀಲಿಯ ಬಗ್ಗೆಯೇ ವ್ಯಾಮೋಹ ಇದ್ದರೆ ಹೌಯಿನ್. ಅದೇ ದುಡ್ಡಿಗೆ ಕಣ್ಣಿಗೆ ತುಂಬುವ ಒಡವೆ ಬೇಕು ಅಂದರೆ ಟಾಂಜನೈಟ್ ಪೆಂಡೆಂಟ್, ಎರಡನೇ ಯೋಚನೆ ಬೇಡ.

ದುಡ್ಡಿಗೆ ಅಷ್ಟು ಇಕ್ಕಟ್ಟಿಲ್ಲದವರು ಉಂಗುರಕ್ಕೆ ಕೋಬಾಲ್ಟ್ ಸ್ಪಿನೆಲ್, ಸಂಗ್ರಹಕ್ಕೆ ಒಂದು ಕ್ಯಾರೆಟ್ ಹತ್ತಿರದ ಬೆನಿಟೋಯಿಟ್ ನೋಡಬಹುದು. ಇಲ್ಲೊಂದು ಚೌಕಾಶಿ ಗುಟ್ಟಿದೆ. ಒಂದು ಕ್ಯಾರೆಟ್ ಗೆರೆ ದಾಟಿದ ಕೂಡಲೇ ಕ್ಯಾರೆಟ್ ಲೆಕ್ಕದ ಬೆಲೆಯೇ ಮೆಟ್ಟಿಲು ಹತ್ತುತ್ತದೆ. 0.95 ಕ್ಯಾರೆಟ್ ಕಲ್ಲಿಗೂ 1.02 ಕ್ಯಾರೆಟ್ ಕಲ್ಲಿಗೂ ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಬಿಲ್ಲಿನಲ್ಲಿ ಗೊತ್ತಾಗುತ್ತದೆ.

ಕೊಳ್ಳುವ ದಿನ ಜೇಬಿನಲ್ಲಿ ಲೂಪ್ ಇರಲಿ, ಕಲ್ಲನ್ನು ಬಾಗಿಲ ಹೊರಗೆ ಹಗಲ ಬೆಳಕಿಗೆ ತರಲು ಒಪ್ಪುತ್ತಾರಾ ಕೇಳಿ. ಒಪ್ಪದಿದ್ದರೆ ನಮಸ್ಕಾರ ಹೇಳಿ ಹೊರಡಿ. ದೂರದಿಂದ ತರಿಸಿಕೊಳ್ಳುವುದಾದರೆ, ಇಂತಿಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತೇವೆ ಅನ್ನುವುದನ್ನು ಬರಹದಲ್ಲಿ ಪಡೆಯಿರಿ. ಪೊಟ್ಟಣ ಬಂದಾಗ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಅದರ ಮೇಲೆ ಬಿಚ್ಚಿ. ಚಿಮುಟವನ್ನು ಮೆಲ್ಲಗೆ ಒತ್ತಿ.